ಐದನೇ ವರ್ಷದ 240 ದಿನ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಚೆಕ್‌ರೋಲ್ ಅಂದರೆ ಕೆಲಸಗಾರರ ಹಾಜರಿ ಪುಸ್ತಕ ಬರೆಯೋದು, ಬಟವಾಡೆ ಮಾಡೋದು ನನ್ನ ಕೆಲಸವಾಗಿತ್ತು.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಒಟ್ಟಿಗೆ ಕೊಡುವ ಸೇವೆಯ ಹಣ, ಬೆಂಗಳೂರಿನ ಆಫೀಸಿನವರಿಗೆ ಮಾತ್ರ ಸಿಗೋದು ಅಂತ ನಮ್ಮ ಕಡೆ ತುಂಬಾ ಜನ ಅಂದುಕೊಂಡಿದ್ದಾರೆ. 1972ರ ಗ್ರಾಚ್ಯುಟಿ ಕಾಯಿದೆಯ ಮೊದಲ ಸೆಕ್ಷನ್ನಿನಲ್ಲೇ ಕಾರ್ಖಾನೆ, ಗಣಿಗಳ ಜೊತೆ ಪ್ಲಾಂಟೇಶನ್ ಹೆಸರೂ ಇತ್ತು. ರಾಜೀನಾಮೆ ಕೊಟ್ಟು ಹೋದರೆ ಏನೂ ಸಿಗಲ್ಲ ಅನ್ನೋದೂ ಸುಳ್ಳು. 5 ವರ್ಷದ ನಿರಂತರ ಸೇವೆ ಇದ್ದರೆ ಕೆಲಸ ಬಿಟ್ಟವರಿಗೂ ಬರುತ್ತದೆ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ, ಅಂಗವಿಕಲರಾದರೆ ಆ 5 ವರ್ಷವೂ ಬೇಕಿಲ್ಲ.

ಜಗಳ ಇರೋದು 5 ವರ್ಷಕ್ಕೆ ಸ್ವಲ್ಪ ಮೊದಲೇ ಬಿಡುವವರದ್ದು.

ನಮ್ಮ ಎಸ್ಟೇಟಿನಲ್ಲಿ ಒಬ್ಬ ಹೆಂಗಸು 4 ವರ್ಷ 10 ತಿಂಗಳು ದುಡಿದರು. ಹಣ್ಣು ಕೊಯ್ಲು, ಚಿಗುರು ತೆಗೆಯೋದು, ಕಳೆ, ಗೊಬ್ಬರ ಎಲ್ಲಾ ಮಾಡಿದವರು. ಮಂಡಿನೋವು ಜಾಸ್ತಿಯಾಗಿ ಇಳಿಜಾರು ಹತ್ತೋಕೆ ಆಗದೆ ಎಸ್ಟೇಟಿನವರು ಕೆಲಸಗಾರರಿಗೆ ಕೊಡುವ ಲೈನ್ ಮನೆ ಖಾಲಿ ಮಾಡಿ ಮಗಳ ಮನೆಗೆ ಹೊರಟರು. ಗ್ರಾಚ್ಯುಟಿ ಕೇಳಿದರೆ ಎಸ್ಟೇಟಿನವರು 'ಐದು ತುಂಬಿಲ್ಲ, ಇನ್ನೆರಡು ತಿಂಗಳು ಇರಬೇಕಿತ್ತು' ಅಂದರು.

ಅವರ ದಿನಗೂಲಿ 500 ರೂಪಾಯಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 15 ದಿನದ ಕೂಲಿ, ಅಂದರೆ 7,500. ಐದು ವರ್ಷ ಅಂತ ಹಿಡಿದರೆ 37,500. ಎಸ್ಟೇಟಿನ ಲೆಕ್ಕದಲ್ಲಿ ಇದು ಕಣ್ಣಿಗೆ ಕಾಣುವ ಮೊತ್ತವೇ ಅಲ್ಲ. ಆದರೆ ಆ ಮನೆಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ಬರೋ ದಾರಿ ಬೇರೆ ಯಾವುದೂ ಇರಲಿಲ್ಲ.

ಕಾಯಿದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದರೆ ಅದನ್ನು ಒಂದು ವರ್ಷದ ನಿರಂತರ ಸೇವೆ ಅಂತಲೇ ಹಿಡಿಯಬೇಕು. ಇದರ ಮೇಲೆಯೇ ಮದ್ರಾಸ್ ಹೈಕೋರ್ಟ್, 4 ವರ್ಷ ಮುಗಿಸಿ ಐದನೆಯದರಲ್ಲಿ 240 ದಿನ ದುಡಿದವರಿಗೆ ಗ್ರಾಚ್ಯುಟಿ ಉಂಟು ಅಂದಿತು. ನಮ್ಮಲ್ಲಿ ಅದನ್ನು ತೋರಿಸಿದರೆ 'ಅದು ತಮಿಳುನಾಡಿನದ್ದು' ಅಂತ ಪಕ್ಕಕ್ಕಿಡುತ್ತಾರೆ. ಕೋರ್ಟಿಗೆ ಹೋಗಿ ಅಂತ ಸಲಹೆಯೂ ಸಿಗುತ್ತದೆ. ಕಳಸದ ಆಚೆಯಿಂದ ಚಿಕ್ಕಮಗಳೂರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ವಕೀಲರ ಫೀಸು ಬೇರೆ. 37,500ಕ್ಕೆ ಯಾರು ಅಲೆಯುತ್ತಾರೆ ಸ್ವಾಮಿ?

ಮಲೆನಾಡಿನಲ್ಲಿ ಆ 240ಕ್ಕೂ ಒಂದು ತೊಡಕಿದೆ. ಆ ಹೆಂಗಸಿನ ಕೊನೆಯ ವರ್ಷದ ಚೆಕ್‌ರೋಲ್‌ನಲ್ಲಿ 228 ಹಾಜರಿ ಇತ್ತು. ಜುಲೈ, ಆಗಸ್ಟ್‌ನ ಸಾಲುಗಳಲ್ಲಿ 21 ಕಡೆ ಬರೀ ಅಡ್ಡಗೆರೆ. ಅಷ್ಟೂ ದಿನ ಮಳೆ ಅಂತ ಎಸ್ಟೇಟಿನವರೇ ಕೆಲಸ ನಿಲ್ಲಿಸಿದ್ದರು. ಇವರು ಕಂಬಳಿ ಕೊಪ್ಪೆ ಹೊದ್ದು ಬಂದು, ಮೇಸ್ತ್ರಿ ಬೇಡ ಅಂದಮೇಲೆ ವಾಪಸ್ ಹೋದವರು. ಕೆಲಸಗಾರರ ತಪ್ಪಿಲ್ಲದೆ ಕೆಲಸ ನಿಂತರೆ ಸೇವೆ ಮುರಿಯುವುದಿಲ್ಲ ಅಂತ ಕಾಯಿದೆಯಲ್ಲೇ ಇದೆ. ಹಾಗಿದ್ದ ಮೇಲೆ ಆ 21 ದಿನ 240ರ ಲೆಕ್ಕಕ್ಕೆ ಯಾಕೆ ಬರಬಾರದು? ಚೆಕ್‌ರೋಲ್‌ನಲ್ಲಿ ಮಳೆಗೂ ಗೈರುಹಾಜರಿಗೂ ಒಂದೇ ಗೆರೆ. ನೋಡಿದವರಿಗೆ ಗೊತ್ತಾಗೋದಾದರೂ ಹೇಗೆ?

2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಇಷ್ಟು ಅವಧಿಗೆ ಅಂತ ಕರಾರು ಬರೆದು ಸೇರಿಸಿಕೊಂಡವರಿಗೆ ಈಗ ಒಂದೇ ವರ್ಷಕ್ಕೆ ಗ್ರಾಚ್ಯುಟಿ. ಒಳ್ಳೆಯದೇ. ಆದರೆ ಎಸ್ಟೇಟಿನಲ್ಲಿ ಕರಾರು ಕಂಡವರು ಯಾರು? ಕಾಗದ ಇದ್ದವರಿಗೆ 1 ವರ್ಷ, ಕಾಗದವೇ ಇಲ್ಲದೆ ದುಡಿದವರಿಗೆ 5 ವರ್ಷ. ಇದು ಸರಿನಾ? ಎಲ್ಲರಿಗೂ ನೇಮಕ ಪತ್ರ ಕೊಡಬೇಕು ಅಂತಲೂ ಹೊಸ ಸಂಹಿತೆಗಳಲ್ಲಿದೆ. ಅದು ಲೈನ್ ಮನೆಗಳ ತನಕ ಬಂದರೆ ಅರ್ಧ ತಕರಾರು ಮುಗಿಯುತ್ತದೆ.

ಬೆಳೆಗಾರರೆಲ್ಲ ಕಟುಕರು ಅಂತ ನಾನು ಹೇಳೋದಿಲ್ಲ. ಕೇಳದೆಯೇ ಲೆಕ್ಕ ಮಾಡಿ ಕೊಟ್ಟ ಸಾಹುಕಾರರೂ ಇದ್ದಾರೆ. ಸಣ್ಣ ತೋಟದವರಿಗೆ ಒಮ್ಮೆಲೇ ಹಣ ಹೊಂದಿಸೋದು ಕಷ್ಟ ಅನ್ನೋದೂ ನಿಜ. ಅದಕ್ಕೇ ಅಲ್ವಾ 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಗ್ರಾಚ್ಯುಟಿ ವಿಮೆ ಕಡ್ಡಾಯ ಮಾಡಿ ನಿಯಮ ತಂದಿದ್ದು? ಚಿಕ್ಕಮಗಳೂರು ಜಿಲ್ಲೆಯಲ್ಲಿ ಎಷ್ಟು ಎಸ್ಟೇಟುಗಳು ಆ ವಿಮೆ ಮಾಡಿಸಿವೆ ಅನ್ನೋ ಪಟ್ಟಿಯನ್ನು ನಿಮ್ಮ ಇಲಾಖೆ ಹೊರಗೆ ಹಾಕಲಿ.

ನಾನು ಮುಖ್ಯವಾಗಿ ಕೇಳೋದು ಒಂದು ಸುತ್ತೋಲೆ. 4 ವರ್ಷ ಮುಗಿಸಿ ಐದನೆಯದರಲ್ಲಿ 240 ದಿನ ತುಂಬಿಸಿದವರ ಅರ್ಜಿಯನ್ನು 'ಐದು ಆಗಿಲ್ಲ' ಅಂತ ತಳ್ಳಬಾರದು. ಮಾಲೀಕರೇ ಕೆಲಸ ನಿಲ್ಲಿಸಿದ ಮಳೆದಿನವನ್ನು ಚೆಕ್‌ರೋಲ್‌ನಲ್ಲಿ ಬೇರೆ ಗುರುತು ಹಾಕಿ ಬರೆಯಬೇಕು, ಲೆಕ್ಕಕ್ಕೂ ಹಿಡಿಯಬೇಕು. ಹಾಜರಿಯ ಒಂದು ಪ್ರತಿ ಪ್ರತಿ ತಿಂಗಳೂ ಕೆಲಸಗಾರರ ಕೈಗೆ ಸಿಗಬೇಕು. ಸುತ್ತೋಲೆ ಕನ್ನಡದ ಜೊತೆ ತಮಿಳು, ಹಿಂದಿಯಲ್ಲೂ ಇರಲಿ. ಈಗ ಲೈನ್ ಮನೆಗಳಲ್ಲಿ ಆ ಭಾಷೆಯವರೂ ಇದ್ದಾರೆ. ಮುಂದಿನ ಹಣ್ಣು ಕೊಯ್ಲಿಗೆ ಮೊದಲೇ ಅದು ಬಟವಾಡೆ ಕೊಡುವ ಕಿಟಕಿಯ ಪಕ್ಕ ಅಂಟಲಿ.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಮಾಜಿ ಎಸ್ಟೇಟ್ ರೈಟರ್