ಹೆಡ್ ಉಳಿಸಿಕೊಟ್ಟ ವೆಲ್ಡಿಂಗ್ ಅಣ್ಣನಿಗೆ

ಕಲಾಸಿಪಾಳ್ಯದ ವೆಲ್ಡಿಂಗ್ ಅಣ್ಣ, ಇದು ನಿಮಗೆ. ಎಂಜಿನ್ ಬಿಸಿಯೇರಿ ನಮ್ಮ ವ್ಯಾನಿನ ಅಲ್ಯೂಮಿನಿಯಂ ಹೆಡ್, ಅಂದರೆ ಸಿಲಿಂಡರ್ ಮೇಲೆ ಮುಚ್ಚುವ ಭಾಗ, ವಾಲ್ವ್ ಬಂದು ಕೂರುವ ಸೀಟುಗಳ ನಡುವೆ ಬಿರುಕು ಬಿಟ್ಟಿತ್ತು. ಎಲ್ಲರೂ ಹೊಸದು ಹಾಕಿಸಿ ಅಂದರು. ನೀವು ಮಾತ್ರ ಕೆಂಪು ಡೈ ಹಚ್ಚಿ, ಒರೆಸಿ, ಬಿರುಕಿನೊಳಗೆ ಉಳಿದ ಡೈಯನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಮೇಲೆ ಹೊಡೆದಿರಿ. ಕೂದಲೆಳೆಯಂಥ ಕೆಂಪು ಗೆರೆ ಎಲ್ಲಿಯವರೆಗೆ ಹೋಗಿದೆ ಅಂತ ಕೈಯಿಟ್ಟು ತೋರಿಸಿದಿರಿ. ಬಿರುಕನ್ನು ಪೂರ್ತಿ ಕೊರೆದು ತೆಗೆದು, ಎಣ್ಣೆ ಜಿಡ್ಡು ತೊಳೆದು, ಹೆಡ್ಡನ್ನು ನಿಧಾನವಾಗಿ ಬಿಸಿ ಮಾಡಿದಿರಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ದಾಟಬೇಕು, ಆ ಪೊರೆ ಒಡೆಯೋಕೇ ಎ.ಸಿ. ಕರೆಂಟಿನ ಟಿಗ್ ವೆಲ್ಡಿಂಗ್ ಬೇಕು ಅಂತ ಬಿಡಿಸಿ ಹೇಳಿದಿರಿ. ಅಷ್ಟು ತಾಳ್ಮೆ ಎಷ್ಟು ಜನಕ್ಕಿದೆ ಹೇಳಿ? ವೆಲ್ಡಿಂಗ್ ಮುಗಿದ ಮೇಲೂ ಅವಸರ ಮಾಡದೆ, ಮುಚ್ಚಿಟ್ಟು ಆರಲು ಬಿಟ್ಟಿರಿ. ಆಮೇಲೆ ಮೇಲ್ಮೈ ಸಮ ಮಾಡುವ ಫೇಸಿಂಗ್, ಹೊಸ ಸೀಟು, ಪ್ರೆಷರ್ ಟೆಸ್ಟ್. ನೀರಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ವ್ಯಾನ್ ಈಗ ದಿನಾ ತರಕಾರಿ ಹೊತ್ತು ಓಡುತ್ತಿದೆ. ತುಂಬಾ ಥ್ಯಾಂಕ್ಸ್ ಅಣ್ಣ.