ಡಾನಾ 18 ಟ್ರಾನ್ಸ್‌ಫರ್ ಕೇಸ್‌ನ ಪಿಟಿಒ ಕಿಟ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಪಿಟಿಒ ಕಿಟ್‌ನ ತಪ್ಪು ಕೈಪಿಡಿ ಮತ್ತು ದೋಷಪೂರಿತ ಬಿಡಿಭಾಗಗಳು

ವಿಲ್ಲೀಸ್ ಮಾದರಿಯ ಹಳೆ ಜೀಪುಗಳ ಡಾನಾ 18 ಟ್ರಾನ್ಸ್‌ಫರ್ ಕೇಸ್‌ಗೆಂದು (ಗಿಯರ್‌ಬಾಕ್ಸಿನ ಶಕ್ತಿಯನ್ನು ಹೈ ಅಥವಾ ಲೋ ವೇಗದಲ್ಲಿ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ತಾವು ಮಾರುವ 3.15 ಅನುಪಾತದ ಲೋ ಗಿಯರ್ ಸೆಟ್ ಮತ್ತು ಪಿಟಿಒ ಕಿಟ್ (ಇಂಜಿನ್ ಶಕ್ತಿಯಿಂದ ಪಂಪಿನಂಥ ಯಂತ್ರ ಓಡಿಸುವ ಸಾಧನ) ಒಂದಕ್ಕೊಂದು ಹೊಂದುತ್ತವೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಅವು ಹೊಂದುವುದಿಲ್ಲ.

ಮೊದಲು ಕೈಪಿಡಿ. ಲೋಗೆ ಹಾಕಿದರೆ ಪಿಟಿಒ ವೇಗವೂ 3.15ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ಅದರ ಕೋಷ್ಟಕ ಹೇಳುತ್ತದೆ. ಇದು ಶುದ್ಧ ತಪ್ಪು. ಈ ಕೇಸ್‌ನಲ್ಲಿ ಪಿಟಿಒ ತಿರುಗುವುದು ಗಿಯರ್‌ಬಾಕ್ಸ್ ಶಾಫ್ಟಿನ ತುದಿಯ ಮೇನ್ ಗಿಯರ್‌ನಿಂದ. ಹೈ-ಲೋ ಬದಲಾಗುವುದು ಅದರ ನಂತರ. ಹಾಗಾಗಿಯೇ ಕೇಸನ್ನು ನ್ಯೂಟ್ರಲ್‌ನಲ್ಲಿಟ್ಟು, ಗಾಡಿ ನಿಲ್ಲಿಸಿಕೊಂಡೇ ಪಂಪು ಓಡಿಸಲು ಸಾಧ್ಯ. ಪಿಟಿಒ ವೇಗ ತೀರ್ಮಾನವಾಗುವುದು ಇಂಜಿನ್ ಮತ್ತು ಗಿಯರ್‌ಬಾಕ್ಸಿನಿಂದ ಮಾತ್ರ. ಈ ಜೀಪುಗಳ ಟಿ-90 ಗಿಯರ್‌ಬಾಕ್ಸಿನ ಮೊದಲ ಗಿಯರ್‌ನ ಅನುಪಾತ 2.798, ಅದರಲ್ಲಿ ಪಿಟಿಒದ ನೇರ ಶಾಫ್ಟಿಗೆ 540 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬೇಕಾದರೆ ಇಂಜಿನ್ ಸುಮಾರು 1510ರಲ್ಲಿ ಓಡಬೇಕು. ತಮ್ಮ ಕೋಷ್ಟಕ ನಂಬಿ ಲೋ ಹಾಕಿ, ವೇಗ ಇಳಿಸದ ಮೂರನೇ ಗಿಯರ್‌ನಲ್ಲಿ ಇಂಜಿನನ್ನು 1500ಕ್ಕೆ ಬಿಟ್ಟರೆ ಶಾಫ್ಟ್ 476ರಲ್ಲಿ ಅಲ್ಲ, 1500ರಲ್ಲೇ ಸುತ್ತುತ್ತದೆ. 540ರ ಪಂಪು ಚೂರಾಗಲು ಅಷ್ಟು ಸಾಕು, ಪಕ್ಕದಲ್ಲಿ ನಿಂತವರ ಜೀವಕ್ಕೂ ಅಪಾಯ.

ಪಿಟಿಒದಿಂದ ಓಡುವ ವಿಂಚಿನಲ್ಲಿ (ಡ್ರಮ್ಮಿಗೆ ಹಗ್ಗ ಸುತ್ತಿ ಎಳೆಯುವ ಯಂತ್ರ) ತೊಂದರೆ ಬೇರೆ ಥರದ್ದು. ಕೆಸರಲ್ಲಿ ಹೂತ ಗಾಡಿಯನ್ನು ಲೋ ಗಿಯರ್‌ನಲ್ಲಿ ಚಕ್ರ ತಿರುಗಿಸುತ್ತಲೇ ಹಗ್ಗದಿಂದ ಎಳೆದುಕೊಳ್ಳುವುದು ರೂಢಿ. ಮೂಲ ಲೋ 2.46 ಇದ್ದದ್ದು 3.15 ಆದಾಗ ಚಕ್ರದ ವೇಗ ಶೇ. 22ರಷ್ಟು ಇಳಿಯುತ್ತದೆ, ಡ್ರಮ್ಮಿನ ವೇಗ ಹಾಗೆಯೇ ಉಳಿಯುತ್ತದೆ. ಹಗ್ಗ ಮುಂದೋಡಿ, ಭಾರವೆಲ್ಲ ಶಿಯರ್ ಪಿನ್ ಮೇಲೆ ಬೀಳುತ್ತದೆ. ಭಾರ ಮಿತಿಮೀರಿದಾಗ ಯಂತ್ರ ಉಳಿಸಲು ಆ ಪಿನ್ ಮುರಿಯಲೆಂದೇ ಇರುವುದು. ಆದರೆ ತಾವು ಕೊಟ್ಟಿರುವ ಬೋಲ್ಟಿನ ತಲೆಯ ಮೇಲೆ 8.8 ಎಂದು, ಅಂದರೆ ಗಟ್ಟಿ ಉಕ್ಕಿನ ದರ್ಜೆ, ಕೆತ್ತಿದೆ. ಮೆತ್ತನೆಯ ಉಕ್ಕಿನ ಪಿನ್ ಇರಬೇಕಾದ ಜಾಗದಲ್ಲಿ ಇಷ್ಟು ಗಟ್ಟಿ ಬೋಲ್ಟ್ ಹಾಕಿದರೆ ಮೊದಲು ಹೋಗುವುದು ವಿಂಚಿನ ಗಿಯರ್, ಇಲ್ಲವೇ ಹಗ್ಗ.

ಮೂರನೆಯದು ಸ್ಲೀವ್, ಅಂದರೆ ಪಿಟಿಒವನ್ನು ಮೇನ್ ಗಿಯರ್‌ಗೆ ಜೋಡಿಸುವ ಹಲ್ಲಿನ ಬಳೆ. ತಮ್ಮ ಸೆಟ್ಟಿನ ಮೇನ್ ಗಿಯರ್‌ನ ಹಬ್ (ಸ್ಲೀವ್ ಕೂರುವ ನಡುಭಾಗ) ಗಿಡ್ಡ. ಎಷ್ಟು ತಾಗುತ್ತದೆಂದು ನೋಡಲು ಹಲ್ಲಿಗೆ ನೀಲಿ ಬಣ್ಣ ಬಳಿದು ಸ್ಲೀವ್ ಸೇರಿಸಿ ತೆಗೆದರೆ ಗುರುತು ಅರ್ಧ ಹಲ್ಲಿಗೇ ನಿಂತಿರುತ್ತದೆ. ಭಾರ ಬಿದ್ದಾಗ ಸ್ಲೀವ್ ಹಿಂದಕ್ಕೆ ಜಾರಿ, ಹಲ್ಲಿನ ಅಂಚು ದುಂಡಗಾಗುತ್ತದೆ. ಕ್ಲಚ್ ಪೂರ್ತಿ ಒತ್ತಿಯೇ ಪಿಟಿಒ ಹಾಕಿದರೂ ಇದು ತಪ್ಪುವುದಿಲ್ಲ. ತೆಳು ಗ್ಯಾಸ್ಕೆಟ್ ಹಾಕಿ ಹೌಸಿಂಗ್ ಮುಂದೆ ತರಬಹುದು ಎಂಬ ತಮ್ಮ ಸಹಾಯವಾಣಿಯ ಸಲಹೆಯಿಂದ ಸಿಗುವುದು ಅರ್ಧ ಮಿಲಿಮೀಟರೂ ಅಲ್ಲ.

ಪಿಟಿಒ ಶಾಫ್ಟಿನ ಎರಡು ತುದಿಯ ಯೋಕ್‌ಗಳೂ (ಕೀಲು ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿಲ್ಲ, 90 ಡಿಗ್ರಿ ತಿರುಗಿಸಿ ಬೆಸುಗೆಯಾಗಿವೆ; ನಡುಕ ಅದರದ್ದೇ.

ಸರಿಯಾದ ಉದ್ದದ ಹಬ್ ಇರುವ ಮೇನ್ ಗಿಯರ್, ಹೊಸ ಸ್ಲೀವ್, ಶಾಫ್ಟ್ ಮತ್ತು ಮೆತ್ತನೆಯ ಪಿನ್‌ಗಳನ್ನು 15 ದಿನದೊಳಗೆ ಕಳಿಸಿ, ಇಲ್ಲವೇ ಎರಡೂ ಕಿಟ್‌ಗಳನ್ನು ವಾಪಸ್ ಪಡೆದು ಪೂರ್ತಿ ಹಣ ಕೊಡಿ. ಈಗಾಗಲೇ ಕಿಟ್ ಕೊಂಡಿರುವ ಎಲ್ಲರಿಗೂ ಕೋಷ್ಟಕ ಮತ್ತು ಬೋಲ್ಟಿನ ಬಗ್ಗೆ ಲಿಖಿತ ಎಚ್ಚರಿಕೆ ತಕ್ಷಣ ಹೋಗಬೇಕು. ಅದಕ್ಕೆ 15 ದಿನ ಕಾಯುವಂತಿಲ್ಲ. ಸ್ಪಂದಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ದಾಖಲಿಸುತ್ತೇವೆ. ಬಿಲ್ಲಿನ ಪ್ರತಿ, ಬೋಲ್ಟ್ ಮತ್ತು ನೀಲಿ ಗುರುತಿನ ಫೋಟೊ ಲಗತ್ತಿಸಿದೆ.

ಇಂತಿ,
ಕಿಟ್ ಖರೀದಿದಾರರು