ರೆಕಾರ್ಡಿಂಗ್‌ಗೆಂದು ಮಾರಿದ ಕಂಪ್ಯೂಟರಿನ ಬಯೋಸ್ ಸರಿಮಾಡಿಕೊಡಿ

ಗ್ರಾಹಕ ಸೇವಾ ವಿಭಾಗಕ್ಕೆ,

ಮಾನ್ಯರೇ,

ನಿಮ್ಮಲ್ಲಿ ಕೊಂಡ ಡೆಸ್ಕ್‌ಟಾಪಿನ ಬಯೋಸ್ (ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಬಗ್ಗೆ ಈ ದೂರು. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಯೇ ಕೊಡುತ್ತೇವೆ, ರೆಕಾರ್ಡಿಂಗ್‌ಗೆ ಹೇಳಿ ಮಾಡಿಸಿದ್ದು ಎಂದಿರಿ. ಅದನ್ನು ನಂಬಿ ತೆಗೆದುಕೊಂಡೆ. ಹೊಸಹಳ್ಳಿಯ ಗಮಕಿಗಳ ವಾಚನ, ಸಾಗರ-ಹೊಸನಗರ ಕಡೆಯ ಯಕ್ಷಗಾನ ಭಾಗವತರ ಪದಗಳನ್ನು ಶಿವಮೊಗ್ಗದ ನಮ್ಮ ಮನೆಯಲ್ಲಿ ರೆಕಾರ್ಡ್ ಮಾಡುತ್ತೇನೆ. ಹಾಡುವವರಿಗೆ ತಮ್ಮ ದನಿ ಹೆಡ್‌ಫೋನಿನಲ್ಲಿ ಆಗಿಂದಾಗಲೇ ಕೇಳಬೇಕು. ತಡವಾದರೆ ತಾಳ ತಪ್ಪುತ್ತದೆ.

ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ದನಿಯ ತುಂಡು) 128 ಫ್ರೇಮ್, ವೇಗ 48,000 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಫ್ರೇಮ್ ಇಟ್ಟರೆ ಒಂದು ಸುತ್ತಿಗೆ ಸಿಗುವುದು 2.67 ಮಿಲಿಸೆಕೆಂಡ್. ಅಷ್ಟರೊಳಗೆ ಕಂಪ್ಯೂಟರ್ ದನಿಯ ಮುಂದಿನ ತುಂಡನ್ನು ಕೊಡಬೇಕು. ನಿಮ್ಮದು ಆಗಾಗ ತಪ್ಪಿಸುತ್ತದೆ. ಕೂಡಲೇ ಟಪ್ ಎಂದು ಸದ್ದು, ದನಿಯ ಹರಿವನ್ನು ತೋರಿಸುವ ಪಿಡಬ್ಲ್ಯೂ-ಟಾಪ್ ಎಂಬ ಪ್ರೋಗ್ರಾಮಿನಲ್ಲಿ ತಪ್ಪಿನ ಲೆಕ್ಕ ಏರುತ್ತದೆ. ಭಾಗವತರು ಪದದ ಕೊನೆಯಲ್ಲಿ ಸ್ವರ ಎಳೆದು ನಿಲ್ಲಿಸಿದ ಜಾಗದಲ್ಲೇ ಹೀಗಾದರೆ ಮತ್ತೆ ಮೊದಲಿಂದ ಹಾಡಿಸಬೇಕು. ವಯಸ್ಸಾದವರಿಗೆ 'ಇನ್ನೊಂದ್ಸಲ' ಎನ್ನಲು ಬಾಯಿ ಬರುವುದಿಲ್ಲ.

ಬಫರ್ 1024 ಇಡಿ ಎಂದರು ನಿಮ್ಮವರು. ಟಪ್ ಸದ್ದು ಕಮ್ಮಿಯಾಗುತ್ತದೆ, ನಿಜ. ಆದರೆ ಆಗ ಒಂದು ಸುತ್ತೇ 21 ಮಿಲಿಸೆಕೆಂಡ್ ದಾಟುತ್ತದೆ. ದನಿ ಒಳಗೆ ಹೋಗಿ ಕಿವಿಗೆ ಬರುವಷ್ಟರಲ್ಲಿ ಅದರ ಎರಡರಷ್ಟಕ್ಕೂ ಜಾಸ್ತಿ. ಹಾಗೆ ಕೇಳಿಸಿಕೊಂಡು ಮದ್ದಳೆ ನುಡಿಸಲು ಯಾರಿಗಾದರೂ ಆಗುತ್ತದೆಯೇ? ಆಮೇಲೆ ಮಳೆಗಾಲದ ಕರೆಂಟು ಎಂದರು. ಕೊನೆಗೆ ಲಿನಕ್ಸ್ ಅಂದರೆ ಹಾಗೇ ಎಂದರು.

ಈ ಮಾತು ನನಗೆ ಬಹಳ ಬೇಸರ ತಂದಿದೆ. ದನಿಯ ಕೆಲಸಕ್ಕೆ ಮೊದಲ ಆದ್ಯತೆ ಸಿಗಲೆಂದು ರಿಯಲ್‌ಟೈಮ್ ಅನುಮತಿ ಕೊಟ್ಟು, ಪ್ರೊಸೆಸರನ್ನು ಪರ್ಫಾರ್ಮೆನ್ಸ್‌ಗೆ ಇಟ್ಟು, ವೈಫೈ ಆಫ್ ಮಾಡಿ ನೋಡಿದ್ದೇನೆ. 2024ರಲ್ಲಿ 6.12ನೇ ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಮೂಲ ಕರ್ನಲ್‌ಗೇ ಸೇರಿದ ರಿಯಲ್‌ಟೈಮ್ ಆಯ್ಕೆಯನ್ನೂ ಹಾಕಿದ್ದೇನೆ. ಏನೂ ಬದಲಾಗಲಿಲ್ಲ. ಇದೇ ಎಸ್‌ಎಸ್‌ಡಿ, ಇದೇ ಯುಎಸ್‌ಬಿ ಸೌಂಡ್ ಕಾರ್ಡನ್ನು ನಮ್ಮದೇ ಬೀದಿಯ ಗೆಳೆಯರ ಹಳೇ ಕಂಪ್ಯೂಟರಿಗೆ ಸಿಕ್ಕಿಸಿದೆ. ಸಂಜೆಯಿಡೀ ಒಂದೂ ಟಪ್ ಇಲ್ಲ.

ಕಾರಣ ಕಂಡಿದ್ದು ಯಂತ್ರದಿಂದಲೇ ಆಗುವ ತಡವನ್ನು ಅಳೆಯುವ ಎಚ್‌ಡಬ್ಲ್ಯೂಲ್ಯಾಟ್‌ಡಿಟೆಕ್ಟ್ ಎಂಬ ಪ್ರೋಗ್ರಾಮ್ ಓಡಿಸಿದಾಗ. ನಿಮ್ಮ ಮದರ್‌ಬೋರ್ಡಿನ ಬಯೋಸ್ ನಡುನಡುವೆ ಪ್ರೊಸೆಸರನ್ನು ತನ್ನ ಕೆಲಸಕ್ಕೆ ಎಳೆದುಕೊಳ್ಳುತ್ತಿದೆ, ಕೆಲವೊಮ್ಮೆ 3 ಮಿಲಿಸೆಕೆಂಡಿಗೂ ಜಾಸ್ತಿ ಹೊತ್ತು. ಪ್ರೊಸೆಸರಿನ ಅಂಕಿಅಂಶ ತೋರಿಸುವ ಟರ್ಬೋಸ್ಟ್ಯಾಟ್‌ನಲ್ಲಿ ಎಸ್‌ಎಂಐ (ಬಯೋಸ್ ಕೆಲಸಕ್ಕೆ ಪ್ರೊಸೆಸರನ್ನು ಎಳೆದುಕೊಳ್ಳುವ ಕರೆ) ಲೆಕ್ಕವೂ ಆಗಲೇ ಏರುತ್ತದೆ. ಆ ಹೊತ್ತಿನಲ್ಲಿ ಕರ್ನಲ್‌ಗೆ ಪ್ರೊಸೆಸರೇ ಸಿಗುವುದಿಲ್ಲ. ಇನ್ನು ಲಿನಕ್ಸ್‌ನ ಸೆಟ್ಟಿಂಗ್ ಬದಲಿಸಿ ಏನು ಫಲ? ಸುಮ್ನೆ ಅದರ ಮೇಲೆ ತಪ್ಪು ಹೊರಿಸಬೇಡಿ.

ದಯವಿಟ್ಟು ಇದನ್ನು ಸರಿಪಡಿಸಿದ ಬಯೋಸ್ ಕಳಿಸಿ. ಆಗದಿದ್ದರೆ ಮದರ್‌ಬೋರ್ಡ್ ಬದಲಾಯಿಸಿ, ಇಲ್ಲವೇ ಹಣ ವಾಪಸ್ ಕೊಡಿ. ಲಿನಕ್ಸ್‌ಗೆ ವಾರಂಟಿ ಇಲ್ಲ ಎನ್ನುವಂತಿಲ್ಲ, ಹಾಕಿ ಮಾರಿದವರು ನೀವೇ ಅಲ್ವಾ? ಬಿಲ್ಲು, ಪರೀಕ್ಷೆಯ ಲಾಗ್ ಲಗತ್ತಿಸಿದ್ದೇನೆ. ಫೋನ್ ಬೇಡ, ಬರವಣಿಗೆಯಲ್ಲೇ ಉತ್ತರಿಸಿ. ತಿಂಗಳೊಳಗೆ ಉತ್ತರ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇತಿ,
ನಿಮ್ಮ ಗ್ರಾಹಕ
ಶಿವಮೊಗ್ಗ